ಸ್ಟೋರ್ಸ್‌ನವನು ಕಂಡ ಪಶ್ಚಿಮ ವಾಯು ಕಮಾಂಡ್

ಬೆಳಗಾವಿಯಲ್ಲಿ ನಾನು ಏರ್‌ಫೋರ್ಸ್‌ನಿಂದ ರಿಟೈರ್ ಆದವನು ಎಂದು ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಒಂದೇ. "ಯಾವ ವಿಮಾನ ಹಾರಿಸ್ತಿದ್ರಿ ಸರ?" ಯಾವುದನ್ನೂ ಇಲ್ಲ. ನಾನು ಇಕ್ವಿಪ್‌ಮೆಂಟ್ ಅಸಿಸ್ಟೆಂಟ್, ಅಂದರೆ ಸ್ಟೋರ್ಸ್‌ನವನು. ವಿಮಾನದ ಟಯರ್, ಬ್ರೇಕ್, ಸೀಲ್, ಬೋಲ್ಟ್, ಲೇಹ್‌ಗೆ ಹೋಗುವ ಹುಡುಗರ ಉಣ್ಣೆ ಕಾಲುಚೀಲ, ಎಲ್ಲದರ ಲೆಕ್ಕ ಬರೆಯುವ ಕೆಲಸ. ಇಷ್ಟು ಹೇಳಿದ ಮೇಲೆ ಕೇಳಿದವರ ಉತ್ಸಾಹ ಸ್ವಲ್ಪ ಇಳಿಯುತ್ತದೆ. ಕೆಲವರು "ಇರ್ಲಿ ಬಿಡ್ರಿ, ಅದೂ ದೇಶಸೇವಾನ" ಎಂದು ನನಗೇ ಸಮಾಧಾನ ಹೇಳುತ್ತಾರೆ!

ಜಮಖಂಡಿಯಲ್ಲಿರುವ ನನ್ನ ತಂಗಿಯ ಮಗ ಈಗ ಅಗ್ನಿವೀರ್ ವಾಯು ಪರೀಕ್ಷೆಗೆ ಓದುತ್ತಿದ್ದಾನೆ. ವಾಯುಪಡೆಯ ಏಳು ಕಮಾಂಡ್‌ಗಳು ಅವನಿಗೆ ಬಾಯಿಪಾಠ. ಪಶ್ಚಿಮಕ್ಕೆ ದಿಲ್ಲಿ, ಪೂರ್ವಕ್ಕೆ ಶಿಲ್ಲಾಂಗ್, ಮಧ್ಯಕ್ಕೆ ಪ್ರಯಾಗ್‌ರಾಜ್, ನೈಋತ್ಯಕ್ಕೆ ಗಾಂಧಿನಗರ, ದಕ್ಷಿಣಕ್ಕೆ ತಿರುವನಂತಪುರ, ಟ್ರೈನಿಂಗ್‌ಗೆ ಬೆಂಗಳೂರು, ಮೆಂಟೆನನ್ಸ್‌ಗೆ ನಾಗಪುರ ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಆಮೇಲೆ ಮೆಲ್ಲಗೆ, "ಆದ್ರ ಕಮಾಂಡ್ ಅಂದ್ರ ಏನ್ ಮಾಡ್ತದ ಮಾಮಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಗೈಡ್ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೆಚ್ಚು ವರ್ಷ ಕಳೆದದ್ದು ಪಶ್ಚಿಮ ವಾಯು ಕಮಾಂಡ್‌ನಲ್ಲಿ. ಹೇಳುವುದೂ ಅದರ ಕಥೆಯನ್ನೇ.

ಮೊದಲು ಕೆಲಸದ ವಿಷಯ. ಆಕಾಶದಲ್ಲಿ ಕಾದಾಡುವುದು ಸ್ಕ್ವಾಡ್ರನ್. ಹದಿನಾರೋ ಹದಿನೆಂಟೋ ವಿಮಾನ, ಅವುಗಳ ಪೈಲಟ್‌ಗಳು, ರಿಪೇರಿ ಮಾಡುವ ಏರ್‌ಮೆನ್. ಸ್ಕ್ವಾಡ್ರನ್ ಇರುವ ಜಾಗ ಸ್ಟೇಷನ್. ಇಂಥ ಎಷ್ಟೋ ಸ್ಟೇಷನ್‌ಗಳ ಮೇಲೆ ಕಮಾಂಡ್. ಅದರ ಮುಖ್ಯಸ್ಥರು ಒಬ್ಬ ಏರ್ ಮಾರ್ಷಲ್. ಯಾವ ಸ್ಕ್ವಾಡ್ರನ್ ಎಲ್ಲಿಂದ ಹಾರಬೇಕು, ಯಾವ ನೆಲೆಯಲ್ಲಿ ಎಷ್ಟು ಇಂಧನ, ಎಷ್ಟು ಬಾಂಬು ಇಟ್ಟಿರಬೇಕು, ಸೇನೆಯವರು ಕೇಳಿದರೆ ಯಾರನ್ನು ಕಳಿಸಬೇಕು, ಇದೆಲ್ಲ ಕಮಾಂಡ್‌ನ ಕೆಲಸ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಓಜಿ, 'ಏರ್‌ಕ್ರಾಫ್ಟ್ ಆನ್ ಗ್ರೌಂಡ್'. ಒಂದು ಬಿಡಿಭಾಗ ಇಲ್ಲ ಎಂಬ ಒಂದೇ ಕಾರಣಕ್ಕೆ ವಿಮಾನ ನೆಲದ ಮೇಲೆ ನಿಂತರೆ ಸ್ಟೋರ್ಸ್‌ನವನು ಎಓಜಿ ಡಿಮ್ಯಾಂಡ್ ಹಾಕಬೇಕು. ಆ ಕಾಗದ ಹೊರಟಿತೆಂದರೆ ಮೇಲಿನವರೆಗೂ ಎಲ್ಲರ ನಿದ್ದೆ ಕೆಡುತ್ತದೆ. ನಮ್ಮಲ್ಲಿಲ್ಲದ ಪಂಪ್ ಇನ್ನೊಂದು ಸ್ಟೇಷನ್‌ನಲ್ಲಿದ್ದರೆ ಅಲ್ಲಿಂದ ಕಿತ್ತು ತರಿಸುತ್ತಾರೆ. ವಾಯುಪಡೆಯ ಇತಿಹಾಸವನ್ನು ಪೈಲಟ್‌ಗಳ ಕಥೆಯಾಗಿ ಹೇಳುವುದೇ ರೂಢಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಕಮಾಂಡ್ ಗೆದ್ದಿತೋ ಎಡವಿತೋ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿರುತ್ತದೆ. ಸಾಮಾನು ಮೊದಲೇ ಜಾಗ ಸೇರಿತ್ತೇ? ಹೇಳಬೇಕಾದವರು ಹೊತ್ತಿಗೆ ಸರಿಯಾಗಿ ಹೇಳಿದರೇ?

1949ರ ಜುಲೈ 22ರಂದು ಒಂದೇ ದಿನ ಎರಡು ಕಮಾಂಡ್ ಹುಟ್ಟಿದವು. ದಿಲ್ಲಿಯಲ್ಲಿ ಆಪರೇಷನಲ್ ಕಮಾಂಡ್, ಬೆಂಗಳೂರಿನಲ್ಲಿ ಟ್ರೈನಿಂಗ್ ಕಮಾಂಡ್. ಬೆಳಗಾವಿ ಹತ್ತಿರದ ನಮ್ಮ ಸಾಂಬ್ರಾ ನೆಲೆ ಈಗ ಬೆಂಗಳೂರಿನ ಪಾಲಿಗೆ ಸೇರಿದೆ. ದಿಲ್ಲಿಯದ್ದೇ ಮುಂದೆ ಪಶ್ಚಿಮ ವಾಯು ಕಮಾಂಡ್ ಆದದ್ದು. ಆಗ ದೇಶದ ಕಾದಾಡುವ ವಿಮಾನಗಳೆಲ್ಲ ಅದರ ಕೈಯಲ್ಲೇ ಇದ್ದವು. ಶುರುವಿನಲ್ಲಿ ಅದನ್ನು ನಡೆಸಿದವರು ಅರ್ಜನ್ ಸಿಂಗ್. 1947ರ ಆಗಸ್ಟ್ 15ರಂದು ಕೆಂಪು ಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳ ಹಾರಾಟಕ್ಕೆ ಮುಂದಾಳಾಗಿದ್ದವರು. 1957ರಿಂದ 1961ರವರೆಗೆ ಮತ್ತೆ ಅದೇ ಕುರ್ಚಿಗೆ ಬಂದರು.

ಹೆಸರು ಬರುವ ಮೊದಲೇ ಕೆಲಸ ಶುರುವಾಗಿತ್ತು ಅನ್ನಿ. 1947ರ ಅಕ್ಟೋಬರ್ 27ರಂದು ದಿಲ್ಲಿಯಿಂದ ಶ್ರೀನಗರಕ್ಕೆ ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಹೋದದ್ದು ಡಕೋಟಾ ವಿಮಾನಗಳು. ಮರುವರ್ಷ ಮೇ 24ರಂದು ವಾಯುಪಡೆಯ ಪೈಲಟ್ ಮೆಹರ್ ಸಿಂಗ್, ಎಲ್ಲರ ಬಾಯಲ್ಲಿ 'ಬಾಬಾ', ಲೇಹ್‌ನಲ್ಲಿ ಮೊದಲ ಬಾರಿಗೆ ಡಕೋಟಾ ಇಳಿಸಿದರು. ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ನೋರ್ಬು ಸಿದ್ಧ ಮಾಡಿಸಿದ್ದ ಮಣ್ಣಿನ ರನ್‌ವೇ ಅದು. ಎತ್ತರ 10,000 ಅಡಿಗೂ ಜಾಸ್ತಿ. ಅಲ್ಲಿಗೆ ಹೋಗಲು ಅದಕ್ಕಿಂತ ಎಷ್ಟೋ ಎತ್ತರದ ಬೆಟ್ಟ ದಾಟಬೇಕು. ಡಕೋಟಾದ ಒಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡೇ ಇಲ್ಲ. ಬಾಬಾ ಜೊತೆ ಆ ವಿಮಾನದಲ್ಲಿ ಕೂತಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಎಂಥ ಧೈರ್ಯ ನೋಡಿ!

ಇನ್ನು ಬೆಳಗಾವಿಗೆ ಬರುತ್ತೇನೆ. ಸಾಂಬ್ರಾ ಅಂದರೆ ಈಗಿನ ಹುಡುಗರಿಗೆ ಇಂಡಿಗೋ ವಿಮಾನ ಇಳಿಯುವ ಜಾಗ, ಇಲ್ಲವೇ ಏರ್‌ಮೆನ್ ಟ್ರೈನಿಂಗ್. 1984ರಲ್ಲಿ ಟ್ರಂಕ್ ಹೊತ್ತು ಸಾಂಬ್ರಾ ಗೇಟ್ ದಾಟಿದಾಗ ನನಗೂ ಅಷ್ಟೇ ಗೊತ್ತಿದ್ದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರು ಮಾಡಿಸಿದ ರನ್‌ವೇ ಇದು. ಇಲ್ಲಿಂದ ನಿಜವಾದ ಯುದ್ಧಕ್ಕೇ ವಿಮಾನಗಳು ಹೋಗಿದ್ದವು ಎಂದು ನನಗೆ ಮೊದಲು ಹೇಳಿದವರು ಬಾಳೇಕುಂದ್ರಿಯ ಒಬ್ಬ ರೈತರು. "ಆವಾಜಿಗೆ ಎತ್ತು ಹಗ್ಗ ಹರ್ಕೊಂಡ್ ಓಡಿದ್ವು ತಮ್ಮಾ" ಎಂದಿದ್ದರು.

ಅದು 1961ರ ಡಿಸೆಂಬರ್, ಗೋವಾ ಬಿಡುಗಡೆಯ ಕಾರ್ಯಾಚರಣೆ. ನೆಲದ ಮೇಲೆ ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಇನ್‌ಫೆಂಟ್ರಿ ಡಿವಿಷನ್, ಜೊತೆಗೆ ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್. ಎಲ್ಲರೂ ಬಂದು ಸೇರಿದ್ದು ಬೆಳಗಾವಿಯಲ್ಲೇ. ಆಕಾಶದ ಜವಾಬ್ದಾರಿ ಪೂರ್ತಿ ಒಬ್ಬರದ್ದು, ದಿಲ್ಲಿಯ ಆ ಕಮಾಂಡ್‌ನ ಮುಖ್ಯಸ್ಥ ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರದ್ದು. ನೆಲೆಗಳು ಎರಡು: ಪುಣೆ ಮತ್ತು ಸಾಂಬ್ರಾ.

ಪಿಂಟೊ ಅವರಿಗೆ ಕೊಟ್ಟ ಆದೇಶ ನನಗೆ ಬಹಳ ಹಿಡಿಸುತ್ತದೆ. ಗೋವಾದ ವಿಮಾನ ನಿಲ್ದಾಣ ದಾಬೋಲಿಮ್‌ನ ರನ್‌ವೇ ಕೆಡಿಸಬೇಕು, ಆದರೆ ಟರ್ಮಿನಲ್ ಕಟ್ಟಡಕ್ಕೆ ಏನೂ ಆಗಬಾರದು. ಬಾಂಬೋಲಿಮ್‌ನ ವೈರ್‌ಲೆಸ್ ಕೇಂದ್ರ ಬಂದ್ ಮಾಡಬೇಕು. ಮುಂದೆ ಹೋಗುವ ಸೈನ್ಯಕ್ಕೆ ಬೆಂಬಲ ಕೊಡಬೇಕು. ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ 12 ಕ್ಯಾನ್‌ಬೆರಾ ಬಾಂಬರ್‌ಗಳು ಬಂದು ರನ್‌ವೇ ಮೇಲೆ 63,000 ಪೌಂಡ್, ಅಂದರೆ 28 ಟನ್‌ಗೂ ಹೆಚ್ಚು ಬಾಂಬು ಹಾಕಿದವು. ಆಮೇಲೆ ಇನ್ನೂ 8 ಬಂದವು. ಸಾಂಬ್ರಾದಿಂದ ಎದ್ದದ್ದು ಹಂಟರ್ ಫೈಟರ್ ಜೆಟ್‌ಗಳು. ಆರು ಹಂಟರ್‌ಗಳು ರಾಕೆಟ್ ಮತ್ತು ಗನ್‌ನಿಂದ ವೈರ್‌ಲೆಸ್ ಕೇಂದ್ರವನ್ನು ಮುಗಿಸಿದವು. ಗೋವಾದಲ್ಲಿ ಪೋರ್ಚುಗೀಸರ ಬಳಿ ಒಂದೇ ಒಂದು ಫೈಟರ್ ಇರಲಿಲ್ಲ. ಎದುರು ಬರುವವರು ಯಾರೂ ಇರಲಿಲ್ಲ.

ಆದರೂ ಪೋರ್ಚುಗೀಸರು ಒಂದು ಕೈ ತೋರಿಸಿದರು. ದಾಬೋಲಿಮ್‌ನಲ್ಲಿ ಎರಡು ಪ್ರಯಾಣಿಕ ವಿಮಾನಗಳು ಹಾಗೇ ಉಳಿದುಕೊಂಡಿದ್ದವು. ಅವತ್ತೇ ರಾತ್ರಿ, ಗುಂಡಿ ಬಿದ್ದ ರನ್‌ವೇಯಲ್ಲಿ ಉಳಿದಷ್ಟೇ ಉದ್ದವನ್ನು ಬಳಸಿ, ಅಧಿಕಾರಿಗಳ ಕುಟುಂಬಗಳನ್ನು ಹತ್ತಿಸಿಕೊಂಡು ಎರಡೂ ಕರಾಚಿಗೆ ಹಾರಿಹೋದವು. ಹಾರಿಸಿದವನ ಕೈಗೆ ಸಲಾಂ ಹೇಳಲೇಬೇಕು. 19ರ ರಾತ್ರಿ ಗವರ್ನರ್ ವಸ್ಸಾಲೊ ಎ ಸಿಲ್ವ ಶರಣಾದರು.

ಪೈಲಟ್‌ಗಳು ನೆನೆಸಿಕೊಳ್ಳುವುದು ಹಾರಾಟವನ್ನು. ನಾನು ಯೋಚಿಸುವುದು ಅದರ ಹಿಂದಿನ ದಿನಗಳನ್ನು. ಹಂಟರ್‌ಗೆ ನಾಲ್ಕು 30 ಮಿ.ಮೀ. ಗನ್. ಅದರ ಗುಂಡು, ರಾಕೆಟ್, ಜೆಟ್ ಇಂಧನ, ಟಯರ್, ಆಕ್ಸಿಜನ್ ಎಲ್ಲವೂ ಜೆಟ್ ಸ್ಕ್ವಾಡ್ರನ್ ಇಲ್ಲದ ಒಂದು ಸಣ್ಣ ರನ್‌ವೇಗೆ ಬಂದು ಬೀಳಬೇಕು. ಆಗ ಬೆಳಗಾವಿಗೆ ಇದ್ದದ್ದು ಮೀಟರ್ ಗೇಜ್ ರೈಲು. ಸ್ಟೇಷನ್ನಿನಿಂದ ಸಾಂಬ್ರಾ ರಸ್ತೆ ಆಗ ಹೇಗಿತ್ತೋ ಏನೋ. ಯಾರೋ ಒಬ್ಬ ಸ್ಟೋರ್ಸ್ ಕಾರ್ಪೋರಲ್ ಆ ರಾತ್ರಿಗಳಲ್ಲಿ ಕಂದೀಲು ಹಿಡಿದು ಪೆಟ್ಟಿಗೆ ಎಣಿಸಿರುತ್ತಾನೆ. ಅವನ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಯುದ್ಧ 36 ಗಂಟೆಗಳ ಆಚೀಚೆ ಮುಗಿದದ್ದಕ್ಕೆ ಎದುರಾಳಿಯ ಬಲ ಕಡಿಮೆ ಇದ್ದದ್ದು ಒಂದು ಕಾರಣ. ಎಲ್ಲವೂ ಮೊದಲೇ ಜಾಗ ಸೇರಿದ್ದು ಇನ್ನೊಂದು ಕಾರಣ.

ಆ ಕಾರ್ಯಾಚರಣೆಯಲ್ಲಿದ್ದ 17ನೇ ಸ್ಕ್ವಾಡ್ರನ್, 'ಗೋಲ್ಡನ್ ಆರೋಸ್', ಹುಟ್ಟಿದ್ದು 1951ರಲ್ಲಿ ಅಂಬಾಲಾದಲ್ಲಿ. 2020ರಲ್ಲಿ ಫ್ರಾನ್ಸಿನಿಂದ ಮೊದಲ ರಫೇಲ್‌ಗಳು ಬಂದು ಸೇರಿದ್ದೂ ಅದೇ ಸ್ಕ್ವಾಡ್ರನ್‌ಗೆ, ಅದೇ ಅಂಬಾಲಾದಲ್ಲಿ. ಟಿವಿಯಲ್ಲಿ ಎಲ್ಲರೂ ರಫೇಲ್ ನೋಡುತ್ತಿದ್ದರೆ ನಾನು ಮನೆಯವರಿಗೆ ಗೋವಾ ಕಥೆ ಹೇಳುತ್ತಿದ್ದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಆ ಮಾತು ಬೇರೆ.

ಪಿಂಟೊ ಅವರು ಹೆಚ್ಚು ದಿನ ಉಳಿಯಲಿಲ್ಲ. 1963ರ ನವೆಂಬರ್ 22ರಂದು ಪೂಂಚ್ ಬಳಿ ಹೆಲಿಕಾಪ್ಟರ್ ತಂತಿಗೆ ತಗುಲಿ ಬಿತ್ತು. ಲೆಫ್ಟಿನೆಂಟ್ ಜನರಲ್ ದೌಲತ್ ಸಿಂಗ್, ಲೆಫ್ಟಿನೆಂಟ್ ಜನರಲ್ ಬಿಕ್ರಮ್ ಸಿಂಗ್ ಸೇರಿ ಅದರಲ್ಲಿದ್ದ ಹಿರಿಯ ಅಧಿಕಾರಿಗಳೆಲ್ಲ ಹೋದರು. ಅದೇ ದಿನ ಅಮೆರಿಕದಲ್ಲಿ ಕೆನಡಿ ಹತ್ಯೆಯಾಯಿತು. ಪೇಪರುಗಳ ತುಂಬ ಅದೇ ಸುದ್ದಿ.

1962ರ ಚೀನಾ ಯುದ್ಧದಲ್ಲಿ ಕಾದಾಡುವ ವಿಮಾನ ಬಳಸಬಾರದು ಎಂದು ಸರ್ಕಾರ ತೀರ್ಮಾನಿಸಿತು. ಅದು ಸರಿಯೋ ತಪ್ಪೋ ಎಂದು ಇವತ್ತಿಗೂ ಜಗಳ ನಡೆಯುತ್ತದೆ. ಬಳಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಸರಕು ವಿಮಾನಗಳು ಮಾಡಿದ ಕೆಲಸಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಅಕ್ಟೋಬರ್ 25ರಂದು ಚಂಡೀಗಢದಿಂದ 44ನೇ ಸ್ಕ್ವಾಡ್ರನ್ನಿನ ಎಎನ್-12 ವಿಮಾನಗಳು ಎಎಂಎಕ್ಸ್-13 ಟ್ಯಾಂಕುಗಳನ್ನು ಹೊತ್ತು 14,000 ಅಡಿಗೂ ಎತ್ತರದ, ಲಡಾಖಿನ ಚುಶೂಲ್‌ನಲ್ಲಿ ಇಳಿಸಿದವು. ಟ್ಯಾಂಕು ರೀ! ಗಾಳಿ ತೆಳುವಾದಷ್ಟೂ ವಿಮಾನ ಹೊರುವ ಭಾರ ಕಡಿಮೆಯಾಗುತ್ತದೆ, ಇಳಿಯಲು ಬೇಕಾಗುವ ರನ್‌ವೇ ಉದ್ದವಾಗುತ್ತದೆ. ಒಂದು ಎಂಜಿನ್ ಪೆಟ್ಟಿಗೆ ಲೋಡ್ ಮಾಡುವಾಗಲೇ ನಾವು ಭಾರದ ಹಂಚಿಕೆಗೆ ಎಷ್ಟು ಸಲ ಅಳತೆ ಮಾಡುತ್ತೇವೆ. ಟ್ಯಾಂಕ್ ಹತ್ತಿಸಿದವರ ಎದೆ ಎಷ್ಟು ಗಟ್ಟಿ ಇರಬೇಕು!

ಈ ಯುದ್ಧ ಇನ್ನೊಂದು ಮಾತನ್ನು ಗಟ್ಟಿ ಮಾಡಿತು. ಇಡೀ ದೇಶದ ಗಡಿಯನ್ನು ದಿಲ್ಲಿಯ ಒಂದು ಕಚೇರಿ ನೋಡಿಕೊಳ್ಳಲು ಆಗುವುದಿಲ್ಲ. ಪೂರ್ವದ ಭಾಗ 1958-59ರಲ್ಲೇ ಬೇರೆಯಾಗಿತ್ತು. 1962ರಲ್ಲಿ ಮಧ್ಯ ಕಮಾಂಡ್ ಬಂತು. 1963ರಲ್ಲಿ ಉಳಿದದ್ದಕ್ಕೆ ಪಶ್ಚಿಮ ವಾಯು ಕಮಾಂಡ್ ಎಂದು ಹೆಸರಾಯಿತು. 1980ರಲ್ಲಿ ಜೋಧ್‌ಪುರದಲ್ಲಿ ನೈಋತ್ಯ ಕಮಾಂಡ್ ಶುರುವಾದಾಗ ರಾಜಸ್ಥಾನದ ಮರುಭೂಮಿಯೂ ಅತ್ತ ಹೋಯಿತು. ದೊಡ್ಡ ಮನೆತನದ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾದ ಹಾಗೆ. ಆದರೆ ಬಾವಿ ಇದ್ದ ಹೊಲ ಮಾತ್ರ ಹಿರಿಯಣ್ಣನಿಗೇ ಉಳಿಯಿತು. ಲಡಾಖ್, ಕಾಶ್ಮೀರ, ಪಂಜಾಬ್ ಇವತ್ತಿಗೂ ಪಶ್ಚಿಮದ ಕೈಯಲ್ಲಿವೆ.

1965. ಇಲ್ಲಿ ಸ್ವಲ್ಪ ನಿಲ್ಲಬೇಕು. ಸೆಪ್ಟೆಂಬರ್ 1ರ ಬೆಳಗಿನ ಜಾವ ಪಾಕಿಸ್ತಾನದ ಟ್ಯಾಂಕುಗಳು ಜಮ್ಮು ಕಡೆಯ ಛಂಬ್‌ನಲ್ಲಿ ನುಗ್ಗಿದವು. ಸೇನೆ ವಾಯುಪಡೆಯ ನೆರವು ಕೇಳಿದ್ದು ಮಧ್ಯಾಹ್ನ ಕಳೆದ ಮೇಲೆ. ರಕ್ಷಣಾ ಮಂತ್ರಿ ಯಶವಂತರಾವ್ ಚವಾಣ್ ತಡ ಮಾಡದೆ ಒಪ್ಪಿಗೆ ಕೊಟ್ಟರು. (ಕರಾಡದ ಚವಾಣ್ ಎಂದರೆ ನಮ್ಮ ಊರಿನಲ್ಲಿ ಗಡಿ ವಿವಾದದ ಮಾತು ಬಂದೇ ಬರುತ್ತದೆ. ಇಲ್ಲಿ ಬೇಡ.) ಸಂಜೆ ಐದರ ನಂತರ ಪಠಾಣ್‌ಕೋಟ್‌ನಿಂದ ವ್ಯಾಂಪೈರ್ ಜೆಟ್‌ಗಳು ಎದ್ದವು. ಅಷ್ಟರಲ್ಲಿ ಬೆಳಕು ಕಡಿಮೆಯಾಗುತ್ತಿತ್ತು, ವಿಮಾನ ಹಳೆಯದು, ಕೆಳಗೆ ನಮ್ಮವರು ಯಾರು ಅವರವರು ಯಾರು ಎಂದು ತಿಳಿಸಲು ಸರಿಯಾದ ಏರ್ಪಾಡಿಲ್ಲ. ನಾಲ್ಕು ವ್ಯಾಂಪೈರ್‌ಗಳು ಬಿದ್ದವು. ಕೆಲವು ಕಡೆ ನಮ್ಮ ಏಟು ನಮ್ಮ ಸೈನಿಕರಿಗೇ ಬಿತ್ತು. ಪೈಲಟ್‌ಗಳದ್ದು ಇದರಲ್ಲಿ ಏನೂ ತಪ್ಪಿಲ್ಲ. ಬೆಳಿಗ್ಗೆ ಹೇಳಬೇಕಾದದ್ದನ್ನು ಸಂಜೆ ಹೇಳಿದರೆ ಆಗುವುದೇ ಹೀಗೆ. ಇನ್ನು ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್ ಜೆಟ್‌ಗಳು ಪಠಾಣ್‌ಕೋಟ್‌ಗೆ ಬಂದಾಗ ನಮ್ಮ ಸುಮಾರು ಹತ್ತು ವಿಮಾನ ನೆಲದ ಮೇಲೇ ಸುಟ್ಟುಹೋದವು. ಅದರಲ್ಲಿ ಎರಡು ಹೊಸ ಮಿಗ್-21.

ಮರುದಿನ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೀರ್ ಜೆಟ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವು. ಸ್ಟ್ಯಾಂಡ್‌ಬೈನಲ್ಲಿ ಇದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯ. ಗುಂಪಿನ ಹಿಂದೆ ಹೋದವರು ಮರಳಲಿಲ್ಲ. ಏನಾಯಿತು ಎಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಬ್ದಕ್ಕಿಂತ ನಿಧಾನದ ಮಿಸ್ಟೀರ್‌ನಲ್ಲಿ ಅವರು ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಜೆಟ್ ಒಂದನ್ನು ಕೆಡವಿ ಸತ್ತರು ಎಂಬುದು ವರ್ಷಗಳ ನಂತರ ಆ ಕಡೆಯಿಂದಲೇ ತಿಳಿಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ! ಇದೇ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ಜನರಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ಬಿದ್ದು ಸೆರೆಯಾದರು. ತಿಮ್ಮಯ್ಯ, ದೇವಯ್ಯ, ಕಾರ್ಯಪ್ಪ. ಪಶ್ಚಿಮ ಕಮಾಂಡ್‌ನ ಕಥೆಯಲ್ಲಿ ಕೊಡಗಿನ ಹೆಸರು ಮೇಲಿಂದ ಮೇಲೆ ಬರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಬಂದು ನನ್ನ ಜೊತೆ ಇದ್ದವರು ಹೆಚ್ಚಾಗಿ ಏರ್‌ಮೆನ್. ಎಂಜಿನ್ ಫಿಟ್ಟರ್, ರೇಡಿಯೊ, ಸ್ಟೋರ್ಸ್, ಎಂಟಿ ಡ್ರೈವರ್. ನಮ್ಮ ಹೆಸರು ಡ್ಯೂಟಿ ರೋಸ್ಟರ್‌ನಲ್ಲಿ ಮಾತ್ರ ಇರುತ್ತದೆ.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಮತ್ತೆ ನಮ್ಮ ನೆಲೆಗಳ ಮೇಲೆ ಬಂತು. ಶ್ರೀನಗರ, ಪಠಾಣ್‌ಕೋಟ್, ಅಮೃತಸರ, ಅಂಬಾಲಾ, ಆಗ್ರಾದವರೆಗೂ. ಈ ಸಲ ಹಾನಿ ಬಹಳ ಕಡಿಮೆ. ಕಾರಣ ಕಾಂಕ್ರೀಟ್. 1965ರ ನಂತರ ವಿಮಾನಗಳನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸುವುದು ಬಿಟ್ಟು ದೂರ ದೂರ ಪೆನ್, ಅಂದರೆ ಒಂದೊಂದು ವಿಮಾನಕ್ಕೆ ಕಾಂಕ್ರೀಟ್ ಗೂಡು, ಕಟ್ಟಿ ಒಳಗಿಟ್ಟಿದ್ದರು. ಸಾಂಬ್ರಾ ಮುಗಿಸಿ ನನ್ನ ಮೊದಲ ಪೋಸ್ಟಿಂಗ್ ಆದಂಪುರಕ್ಕೆ ಆದಾಗ ಮೊದಲು ಕಣ್ಣಿಗೆ ಬಿದ್ದದ್ದು ಅವೇ. ಮೇಲೆ ಮಣ್ಣು, ಹುಲ್ಲು, ಒಳಗೆ ತಂಪು. ಮೇ ತಿಂಗಳ ಪಂಜಾಬ್ ಬಿಸಿಲಿನಲ್ಲಿ ಟಯರ್ ತಲುಪಿಸುವ ನೆಪ ಮಾಡಿ ಪೆನ್ ಒಳಗೆ ಸ್ವಲ್ಪ ಹೊತ್ತು ನಿಲ್ಲದ ಏರ್‌ಮನ್ ಇಲ್ಲ. ಲೋಂಗೆವಾಲಾ ಕಥೆ, ಶ್ರೀನಗರದಲ್ಲಿ ನ್ಯಾಟ್ ಹಾರಿಸಿ ಪರಮವೀರ ಚಕ್ರ ಪಡೆದ ನಿರ್ಮಲ್ ಜೀತ್ ಸಿಂಗ್ ಸೇಖೋನ್ ಅವರ ಕಥೆ ಎಲ್ಲರಿಗೂ ಗೊತ್ತು. ಬಿಡುತ್ತೇನೆ.

ಆಮೇಲೆ ಲೇಹ್. ನಾನು ಸಾಂಬ್ರಾ ಸೇರಿದ ವರ್ಷವೇ, 1984ರ ಏಪ್ರಿಲ್ 13ರಂದು, ಚೀತಾ ಹೆಲಿಕಾಪ್ಟರ್‌ಗಳು ಸಿಯಾಚಿನ್‌ನ ಬಿಲಾಫೊಂಡ್ ಲಾದಲ್ಲಿ ಸೈನಿಕರನ್ನು ಇಳಿಸಿದ್ದವು. ನಾನು ಲೇಹ್‌ಗೆ ಹೋಗುವಷ್ಟರಲ್ಲಿ ಆ ಹಿಮದ ಮೇಲಿನ ಪ್ರತಿ ಸೀಮೆಎಣ್ಣೆ ಡಬ್ಬಿಯೂ ಆಕಾಶದಿಂದಲೇ ಹೋಗುತ್ತಿತ್ತು. ಲೇಹ್‌ನಲ್ಲಿ ಕೆಲಸವೆಲ್ಲ ಬೆಳಿಗ್ಗೆಯೇ. ಹೊತ್ತೇರಿದರೆ ಗಾಳಿ ಜೋರು, ಬಿಸಿಲೇರಿದಷ್ಟೂ ವಿಮಾನಕ್ಕೆ ಭಾರ ಎತ್ತುವ ಶಕ್ತಿ ಕಡಿಮೆ. ಐಎಲ್-76 ಸರಕು ವಿಮಾನ ಇಳಿದು, ಎಂಜಿನ್ ಪೂರ್ತಿ ಆರುವ ಮೊದಲೇ ಹೊಟ್ಟೆ ಖಾಲಿ ಮಾಡಬೇಕು. ಆ ಚಳಿಯಲ್ಲಿ ಉಪ್ಪಿಟ್ಟು ತಟ್ಟೆಗೆ ಬೀಳುವಷ್ಟರಲ್ಲಿ ಗಟ್ಟಿ. ನನ್ನನ್ನು ಕಾಪಾಡಿದ್ದು ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಬಿಹಾರದ ಗೆಳೆಯನೊಬ್ಬ ಮೊದಲು ಅದನ್ನು ಹಪ್ಪಳ ಅಂದುಕೊಂಡಿದ್ದ. ಆಮೇಲೆ ನನಗಿಂತ ಅವನೇ ಜಾಸ್ತಿ ತಿಂದ.

ಕಾರ್ಗಿಲ್ ಹೊತ್ತಿಗೆ ನಾನು ಅಂಬಾಲಾದಲ್ಲಿದ್ದೆ. 1999ರ ಮೇ 26ರ ಬೆಳಿಗ್ಗೆ ದಾಳಿ ಶುರು. ಆಗ ಪಶ್ಚಿಮ ಕಮಾಂಡ್ ನಡೆಸುತ್ತಿದ್ದವರು ಏರ್ ಮಾರ್ಷಲ್ ವಿನೋದ್ ಪಟ್ನಿ. ಗಡಿ ನಿಯಂತ್ರಣ ರೇಖೆ ದಾಟಬಾರದು ಎಂಬ ಕಟ್ಟಪ್ಪಣೆ. 27ರಂದು ಎರಡು ವಿಮಾನ ಕಳೆದುಕೊಂಡೆವು. ಅವುಗಳ ಪೈಲಟ್‌ಗಳಲ್ಲಿ ನಚಿಕೇತ ಸೆರೆಯಾದರು, ಅಜಯ್ ಅಹುಜಾ ತೀರಿಕೊಂಡರು. 28ರಂದು ಎಂಐ-17 ಹೆಲಿಕಾಪ್ಟರ್ ಬಿದ್ದು ನಾಲ್ವರು ಹೋದರು. ಆ ಮೂರು ದಿನ ಮೆಸ್‌ನಲ್ಲಿ ಯಾರೂ ಜಾಸ್ತಿ ಮಾತಾಡಿದ್ದು ನೆನಪಿಲ್ಲ.

ಅಲ್ಲಿಂದ ದಾರಿ ಬದಲಾಯಿತು. ಹೆಲಿಕಾಪ್ಟರ್‌ಗಳನ್ನು ದಾಳಿಯಿಂದ ತೆಗೆದರು. ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಸಿಗದಷ್ಟು ಎತ್ತರದಿಂದ ಹೊಡೆಯಲು ಶುರು ಮಾಡಿದರು. ಮಿರಾಜ್ ಫೈಟರ್‌ಗಳು ಗ್ವಾಲಿಯರ್‌ನವು, ಅಂದರೆ ಮಧ್ಯ ಕಮಾಂಡ್‌ನವು. ಅವನ್ನು ಆದಂಪುರಕ್ಕೆ ತಂದರು. ಟೈಗರ್ ಹಿಲ್ ಮೇಲಿನ ಲೇಸರ್ ಬಾಂಬಿನ ವಿಡಿಯೊ ಎಲ್ಲರೂ ನೋಡಿದ್ದೀರಿ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಏಟು ಜೂನ್ 17ರದ್ದು. ಬಟಾಲಿಕ್ ಕಡೆಯ ಮುಂಥೊ ಧಾಲೊದಲ್ಲಿ ಶತ್ರುವಿನ ದಾಸ್ತಾನು ಶಿಬಿರವಿತ್ತು. ಟೆಂಟು, ಮದ್ದುಗುಂಡು, ದಿನಸಿ ಎಲ್ಲ ಅಲ್ಲೇ. ಮಿರಾಜ್‌ಗಳು ಅದನ್ನು ಸಾದಾ ಬಾಂಬಿನಿಂದಲೇ ಹಾಳು ಮಾಡಿದವು. ಬೆಟ್ಟದ ತುದಿಯಲ್ಲಿ ಕೂತವನಿಗೆ ಕೆಳಗಿನಿಂದ ಊಟ, ಗುಂಡು ಬರುವುದು ನಿಂತರೆ ಎಷ್ಟು ದಿನ ಕೂತಾನು? ಸ್ಟೋರ್ಸ್ ಎಂದರೆ ಮೂಗು ಮುರಿಯುವವರಿಗೆ ನಾನು ಕೊಡುವ ಉತ್ತರ ಈ ಮುಂಥೊ ಧಾಲೊ.

ನಾನು ಬಿಟ್ಟು ಬಂದ ಮೇಲೂ ಈ ಕಮಾಂಡ್ ಎತ್ತರದ ಹುಚ್ಚು ಬಿಟ್ಟಿಲ್ಲ. 2008ರ ಮೇ 31ರಂದು 16,000 ಅಡಿಗೂ ಮೇಲಿನ, ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ ದಶಕಗಳ ನಂತರ ಎಎನ್-32 ಸರಕು ವಿಮಾನ ಇಳಿಯಿತು. ಆಗಿನ ಕಮಾಂಡ್ ಮುಖ್ಯಸ್ಥ ಏರ್ ಮಾರ್ಷಲ್ ಬರ್ಬೊರಾ ಸ್ವತಃ ಆ ವಿಮಾನದಲ್ಲಿದ್ದರು. 2013ರ ಆಗಸ್ಟ್‌ನಲ್ಲಿ ಅದಕ್ಕಿಂತ ದೊಡ್ಡ ಸಿ-130ಜೆ ಅಲ್ಲೇ ಇಳಿಯಿತು.

ಈಗಿನ ಚರ್ಚೆ ಥಿಯೇಟರ್ ಕಮಾಂಡ್‌ಗಳದ್ದು. 2020ರ ಜನವರಿಯಲ್ಲಿ ಮೂರೂ ಪಡೆಗಳಿಗೆ ಸೇರಿದ ಸಿಡಿಎಸ್ (ಚೀಫ್ ಆಫ್ ಡಿಫೆನ್ಸ್ ಸ್ಟಾಫ್) ಹುದ್ದೆ ಬಂದಾಗಿನಿಂದ, ಒಂದೊಂದು ಗಡಿ ಪ್ರದೇಶದ ಮೂರೂ ಪಡೆಗಳನ್ನು ಒಬ್ಬ ಮುಖ್ಯಸ್ಥನ ಕೆಳಗೆ ತರುವ ಮಾತು ನಡೆದಿದೆ. ಹಾಗಾದರೆ ದಿಲ್ಲಿಯ ಈ ಹಳೆಯ ಕಮಾಂಡ್ ಈಗಿನ ರೂಪದಲ್ಲಿ ಉಳಿಯುವುದು ಕಷ್ಟ. ತಂಗಿಯ ಮಗನ ಪರೀಕ್ಷೆಗೆ ಅಷ್ಟರೊಳಗೆ ಉತ್ತರ ಬದಲಾಗದಿದ್ದರೆ ಸಾಕು! 1965ರ ಸೆಪ್ಟೆಂಬರ್ 1 ನೆನೆಸಿಕೊಂಡರೆ ಸೇನೆ, ವಾಯುಪಡೆ ಒಂದೇ ಮೇಜಿನಲ್ಲಿ ಕೂರುವುದು ಒಳ್ಳೆಯದೇ. ಆದರೆ ಇರುವ ವಿಮಾನಗಳನ್ನೇ ಥಿಯೇಟರ್‌ಗೆ ಇಷ್ಟು ಎಂದು ಹಂಚಿಬಿಟ್ಟರೆ ನನ್ನ ತಕರಾರಿದೆ. ಗ್ವಾಲಿಯರ್‌ನ ಮಿರಾಜ್‌ಗಳನ್ನು ಬೇಕೆಂದಾಗ ಆದಂಪುರಕ್ಕೆ ಕಳಿಸುವ ಅಧಿಕಾರ ಒಬ್ಬರ ಕೈಯಲ್ಲೇ ಇರಬೇಕು. ಅದಕ್ಕೂ ಎರಡು ಕಚೇರಿಗಳ ನಡುವೆ ಫೈಲ್ ಓಡಾಡಲು ಶುರುವಾದರೆ ಏನಾಗುತ್ತದೆ ಎಂದು ಒಂದು ಪಂಪಿಗಾಗಿ ರಾತ್ರಿಯಿಡೀ ಫೋನ್ ತಿರುಗಿಸಿದ ನಮ್ಮಂಥವರನ್ನು ಕೇಳಲಿ.